ಬಚ್ಚಲೊಂದನ್ನು ಬಿಟ್ಟು

ಹಳೆಯ ಲೋಹಕ್ಕೆ ಹುಣಸೆಹಣ್ಣು ತಾಗಿದಾಗ ಒಂದು ವಾಸನೆ ಏಳುತ್ತದೆ. ಹುಳಿ, ಕಿಲುಬು, ಸ್ವಲ್ಪ ರಕ್ತದ ಹಾಗೆ... ಕಳೆದ ವಾರ ನನ್ನ ಗೋಡೌನಿನ ಹಿಂದಿನ ನಲ್ಲಿಯ ಬಳಿ ಕೂತಿದ್ದಾಗ ಆ ವಾಸನೆ ಮತ್ತೆ ಮೂಗಿಗೆ ಬಡಿಯಿತು.

ಕೆಡವುವ ಮನೆಗಳ ಸಾಮಾನು ಕೊಂಡು, ತಿಕ್ಕಿ ತೊಳೆದು ಮಾರುವುದು ನನ್ನ ವ್ಯಾಪಾರ. ಈ ಪರದೇಶದ ಊರಿನ ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿ ಒಂದು ಹಳೆ ಬಂಗಲೆ ಉರುಳಿಸಿ ಫ್ಲ್ಯಾಟು ಕಟ್ಟುತ್ತಿದ್ದಾರೆ. ಅದರ ಬಾಗಿಲು, ಕಿಟಕಿ, ನಲ್ಲಿ, ಪೈಪು ಎಲ್ಲವನ್ನೂ ಒಟ್ಟಿಗೆ ಮಾತಾಡಿ ತಂದಿದ್ದೆ. ಬಚ್ಚಲಿನ ಹೊರಗಿನ ಚೇಂಬರಿನಿಂದ ಕಿತ್ತ ಬೀಡು ಪೈಪುಗಳ ಜೊತೆ ಒಂದು ಬಕೆಟ್ಟು ಕೆಸರೂ ಬಂದಿತ್ತು. ಅದರ ತಳದಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಉಂಡೆ. ಕೆಲಸದವರು ಕಲ್ಲೆಂದು ಎಸೆಯುವವರಿದ್ದರು. ನಾನು ಕೈಗೆ ತೆಗೆದುಕೊಂಡೆ. ನೀವೂ ಅಷ್ಟೇ, ಯಾವುದನ್ನಾದರೂ ಎಸೆಯುವ ಮುನ್ನ ಒಮ್ಮೆ ಅಂಗೈಯಲ್ಲಿಟ್ಟು ತೂಗಿ ನೋಡಿ. ಕಣ್ಣಿಗೆ ಮೋಸ ಮಾಡುವುದು ಸುಲಭ, ಅಂಗೈಗೆ ಕಷ್ಟ.

ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹಿತ್ತಾಳೆಯಾಗಿದ್ದರೆ ಹಳದಿ ಕಾಣಬೇಕಿತ್ತು, ತಾಮ್ರವಾಗಿದ್ದರೆ ಕೆಂಪು. ಎರಡೂ ಬರಲಿಲ್ಲ. ನನ್ನ ಕೈ ನಿಂತುಹೋಯಿತು. ಅದು ಯಾವ ಬಚ್ಚಲು ಎಂದು ನನಗೆ ಗೊತ್ತಿತ್ತು. ಆ ಬಂಗಲೆಯ ಹಿಂದಿನ, ಒಂದು ಕಾಲದಲ್ಲಿ ಆಳುಗಳಿಗಾಗಿ ಕಟ್ಟಿದ್ದ ಕೋಣೆಗಳಲ್ಲೇ ನಾನು ವ್ಯಾಪಾರದ ಮೊದಲ ವರ್ಷಗಳನ್ನು ಕಳೆದದ್ದು. ಮುಂಭಾಗದ ಬಂಗಲೆಯಲ್ಲಿ ಅಪ್ಪಾಜಿ ಇದ್ದರು.

ಅಪ್ಪಾಜಿ ನನಗೇನೂ ಸಂಬಂಧಿಕರಲ್ಲ. ನಮ್ಮ ಕಡೆಯಿಂದ ಬ್ಯಾಂಕಿನ ಕೆಲಸದ ಮೇಲೆ ಇಲ್ಲಿಗೆ ಬಂದಿದ್ದ ಒಬ್ಬರ ತಂದೆ. ಮಗ ಹಾಗೆ ಕರೆಯುತ್ತಿದ್ದ, ನಾವೂ ಕರೆದೆವು. ಚಿತ್ರದುರ್ಗದ ಕಡೆಯ ಚೆಕ್‌ಪೋಸ್ಟುಗಳಲ್ಲಿ ಲಾರಿ ತಡೆದು, ಮಾಲು ತಪಾಸಣೆ ಮಾಡಿ ನಿವೃತ್ತರಾದವರು. ಮನುಷ್ಯರನ್ನೂ ಲಾರಿ ನೋಡಿದಂತೆಯೇ ನೋಡುತ್ತಿದ್ದರು, ಟಾರ್ಪಾಲಿನ ಕೆಳಗೆ ಏನು ಅಡಗಿಸಿದ್ದೀಯ ಎನ್ನುವ ಹಾಗೆ. ನಾನು ಮೊದಲ ಸಲ ದೀಪದ ಕಂಬ ಮಾರಲು ಹೋದಾಗ ಅದನ್ನು ತಿರುಗಿಸಿ, ಮೂಸಿ, ಬಡಿದು ಕೇಳಿದ್ದರು:

"ಏನವ್ವಾ, ಇದು ಹಿತ್ತಾಳೆನೋ, ಹಿತ್ತಾಳೆ ಬಣ್ಣನೋ?"

"ಉಗುರಲ್ಲಿ ಕೆರೆದು ನೋಡಿ ಅಪ್ಪಾಜಿ."

"ಕೆರೆದ್ರೆ ದೀಪದ್ದಲ್ಲ, ನಿನ್ ಬಣ್ಣ ಬಿಟ್ಟೀತು."

ಸ್ವಾಹಿಲಿ ಆಡುವ ಈ ಊರಿನಲ್ಲಿ ಗುಜರಾತಿ ಸೇಠುಗಳ ಜೊತೆ, ಸೊಮಾಲಿ ವ್ಯಾಪಾರಿಗಳ ಜೊತೆ ಚೌಕಾಸಿ ಮಾಡಿ ಗೆದ್ದವಳು ನಾನು. ಅಪ್ಪಾಜಿಯ ಮುಂದೆ ಸೋತೆ. ಅವರನ್ನು ಕಂಡರೆ ನನಗೆ ಇಷ್ಟವಿತ್ತು ಎಂದು ಈಗಲೂ ಹೇಳುತ್ತೇನೆ. ಮುಂದೆ ಬರೆಯುವುದನ್ನು ಓದಿದ ಮೇಲೆ ನಿಮಗೆ ಹೇಗನ್ನಿಸುತ್ತದೋ ಅದು ನಿಮಗೆ ಬಿಟ್ಟದ್ದು.

ಅವರ ಕೊರಳಲ್ಲಿ ಒಂದು ಬೆಳ್ಳಿಯ ಕರಡಿಗೆ ಇತ್ತು. ಮೊಟ್ಟೆಯಾಕಾರದ ಪುಟ್ಟ ಭರಣಿ, ಒಳಗೆ ಇಷ್ಟಲಿಂಗ, ಎರಡೂ ಕಡೆ ಶಿವದಾರ ಪೋಣಿಸಲು ಬಳೆ. ಹೆಂಡತಿ ಇದ್ದಾಗ ಅದನ್ನು ವಿಭೂತಿ ಹಚ್ಚಿ ತಿಕ್ಕಿ ಬೆಳಗುತ್ತಿದ್ದರಂತೆ, ಅವರು ಹೋದ ಮೇಲೆ ಇವರೇ ಮಾಡುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡಗೈ ಮೇಲಿಟ್ಟು ಪೂಜೆ ಮುಗಿಸುವ ತನಕ ಒಂದು ಹನಿ ನೀರೂ ಬಾಯಿಗೆ ಬೀಳುವಂತಿರಲಿಲ್ಲ. ಬೆವರು, ನೀರು ಕುಡಿದು ಆ ಶಿವದಾರ ಕಪ್ಪಾಗಿತ್ತು. ಬದಲಾಯಿಸಿ ಅಪ್ಪಾಜಿ ಎಂದು ನಾನೇ ಒಂದು ಸಲ ಅಂದಿದ್ದೆ. "ನಿನ್ ಹತ್ರ ದಾರನೂ ಐತಾ ಮಾರಾಕೆ?" ಎಂದಿದ್ದರು.

ಆ ಮನೆಗೆ ಕೆಲಸಕ್ಕೆ ಒಬ್ಬಳು ಬರುತ್ತಿದ್ದಳು. ಬೆಳಿಗ್ಗೆ ಮಟಾಟು ವ್ಯಾನಿನಿಂದ ಇಳಿದು, ಇಳಿಜಾರಿನ ರಸ್ತೆಯಲ್ಲಿ ನಡೆದು ಬಂದು, ಸಂಜೆ ಹೋಗುವಳು. ಇಲ್ಲಿನ ರೂಢಿಯಂತೆ ಎಲ್ಲರೂ ಅವಳನ್ನು ಮಾಮಾ, ಅಂದರೆ ಅಮ್ಮ, ಎನ್ನುತ್ತಿದ್ದೆವು. "ಹೆಂಗಸನ್ನ ಹಿಡಿದು ಮಾಮ ಅಂತೀರಲ್ರೋ, ಎಂಥ ದೇಶವೋ ಇದು!" ಎಂದು ಅಪ್ಪಾಜಿ ಹಂಗಿಸುತ್ತಿದ್ದರು. ಅವರು ಅವಳನ್ನು 'ಏ' ಎಂದಷ್ಟೇ ಕರೆಯುತ್ತಿದ್ದರು. ಗೋಡಂಬಿ ಡಬ್ಬಿಯ ಮುಚ್ಚಳಕ್ಕೆ ತಮ್ಮ ಒಂದು ಬಿಳಿ ಕೂದಲು ಅಂಟಿಸಿ ಇಡುವರು, ಚೆಕ್‌ಪೋಸ್ಟಿನಲ್ಲಿ ಮಾಲಿಗೆ ಸೀಲು ಹಾಕಿದ ಹಾಗೆ. ಸಂಜೆ ಅದನ್ನು ಪರೀಕ್ಷಿಸಿ, "ಸೀಲು ಒಡೆದಿಲ್ಲ, ಇವತ್ತು ಬಿಟ್ಟಿದಾಳೆ" ಎಂದು ಸೊಸೆಗೆ ವರದಿ ಒಪ್ಪಿಸುವರು. ಅವಳಿಗೆ ಅದು ಗೊತ್ತಿತ್ತು. ಡಬ್ಬಿ ಒರೆಸುವಾಗ ಆ ಕೂದಲು ಕದಲದಂತೆ ಸುತ್ತ ಒರೆಸಿ, ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಿದ್ದಳು. ಅವರಿಗೆ ಸ್ವಾಹಿಲಿ ಬಾರದು, ಅವಳಿಗೆ ಕನ್ನಡ ಬಾರದು. ನಡುವೆ ದುಭಾಷಿ ನಾನು.

ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದ ಅಪ್ಪಾಜಿ ಎದೆಯ ಮೇಲೆ ಕೈ ಇಟ್ಟರೆ ಕರಡಿಗೆ ಇರಲಿಲ್ಲ.

ಮಗ ಬಚ್ಚಲಿನ ನೆಲ ನೋಡಿದ, ಬಕೆಟ್ಟು ನೋಡಿದ. ನೀರು ಹೋಗುವ ತೂತಿನ ಜಾಲರಿ ಯಾವತ್ತೋ ಮುರಿದು ಹೋಗಿತ್ತು, ಅದರ ಕಡೆ ಯಾರ ಗಮನವೂ ಹೋಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅಪ್ಪಾಜಿಗೆ ನೆನಪಾಗಿತ್ತು: ಸ್ನಾನಕ್ಕೆ ಮುಂಚೆ ತೋಟದಲ್ಲಿ ಹೂವು ಬಿಡಿಸುವಾಗ ಕಾಗದದ ಹೂವಿನ ಗಿಡದ ಮುಳ್ಳು ಕೊರಳ ಹತ್ತಿರ ಜಗ್ಗಿತ್ತಂತೆ. ಅಲ್ಲೇ ದಾರ ಹರಿದಿದೆ. ಅದೇ ಗಿಡದ ಬುಡ ಗುಡಿಸುತ್ತಿದ್ದವಳು ಯಾರು?

"ಅಪ್ಪಾಜಿ, ಹೋಗ್ಲಿ ಬಿಡಿ, ನೆಕ್ಸ್ಟ್ ವೀಕ್ ಊರಿಂದ ಬರೋರ ಹತ್ರ ಹೊಸದು ತರ್ಸೋಣ" ಎಂದ ಮಗ.

"ನಿಮ್ಮವ್ವ ಸತ್ತಾಗ್ಲೂ ಹಿಂಗೇ ಅಂದ್ಯಾ, ಇನ್ನೊಬ್ಬಳನ್ನ ತರ್ಸೋಣ ಅಂತ?"

ಆಮೇಲೆ ಯಾರೂ ಹೊಸದರ ಮಾತೆತ್ತಲಿಲ್ಲ. ಲಿಂಗವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ನೀರಿಲ್ಲ. ಅಪ್ಪಾಜಿ ಬಾಯಿ ಮುಚ್ಚಿ ಗೋಡೆಗೆ ಮುಖ ಮಾಡಿ ಕೂತರು. ಬಾಯಿ ತೆರೆದದ್ದು ಅವಳನ್ನು ಕರೆಸಲಿಕ್ಕೆ ಮಾತ್ರ.

ವರಾಂಡದಲ್ಲಿ ಅವಳ ಚೀಲ ಸುರಿಸಿದರು. ಮೈಗೆ ಸುತ್ತಿಕೊಳ್ಳುವ ಒಂದು ಕಂಗಾ ಬಟ್ಟೆ, ಕಾಗದದಲ್ಲಿ ಸುತ್ತಿದ ಚಪಾತಿ, ಮಗುವಿನ ಕೆಮ್ಮಿನ ಔಷಧಿಯ ಶೀಷೆ. ಚಪ್ಪಲಿಯ ಅಟ್ಟೆ ಬಗ್ಗಿಸಿ ನೋಡಿದರು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿಸಿದರು. ಬಿಗಿಯಾಗಿ ಹೆಣೆದ ಸಣ್ಣ ಸಣ್ಣ ಜಡೆಗಳು... ಸೊಸೆ ಬಾಚಣಿಗೆಯ ಹಿಡಿಯಿಂದ ಅವನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದುದು ನನ್ನ ಕಣ್ಣ ಮುಂದಿದೆ. ಅವಳು ಅಳಲಿಲ್ಲ. ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದಳು, 'ಬಫೂನಿ'. ಬಚ್ಚಲಲ್ಲಿ.

"ಸ್ನಾನ ಮಾಡುವಾಗ ಜಾರಿರಬಹುದು, ಹೊರಗಿನ ಚೇಂಬರ್ ತೆಗೆದು ನೋಡಿ ಅಂತಾಳೆ" ಎಂದೆ.

ಅಪ್ಪಾಜಿ ಕೋಲು ಎತ್ತಿದರು. ಅವಳಿಗೋ ನನಗೋ, ಗೊತ್ತಾಗಲಿಲ್ಲ. "ನನ್ ಲಿಂಗ ಗಟಾರಕ್ಕೋಗ್ತದಾ? ಅರವತ್ತು ವರ್ಷ ಅಂಗೈ ಮ್ಯಾಲೆ ಇಟ್ಟು ಪೂಜೆ ಮಾಡೀನಿ. ಕಳ್ಳಿ ಬೇಕಾದ್ರೆ ಬೀದೀಲಿ ಮಾರ್‍ಕಂಡಿರ್ತಾಳೆ, ಒಪ್ತೀನಿ. ಗಟಾರಕ್ಕೋಗಾಕಿಲ್ಲ."

ಮಗ ನನ್ನನ್ನು ಪಕ್ಕಕ್ಕೆ ಕರೆದು ತೀರ್ಪು ಹೇಳಿದ. ನಾಳೆ ಸಂಜೆಯೊಳಗೆ ಸಿಕ್ಕರೆ ಸರಿ, ಅವಳ ಕೆಲಸ ಉಳಿಯುತ್ತದೆ. ಇಲ್ಲವಾದರೆ ಪೊಲೀಸು, ಮತ್ತು ಸುತ್ತಲಿನ ಮನೆಗಳ ವಾಟ್ಸಾಪ್ ಗುಂಪಿನಲ್ಲಿ ಅವಳ ಫೋಟೋ. ಆ ಗುಂಪಿನಲ್ಲಿ ಕಳ್ಳಿ ಎಂದು ಫೋಟೋ ಬಿದ್ದ ಹೆಂಗಸಿಗೆ ಸ್ಪ್ರಿಂಗ್ ವ್ಯಾಲಿಯಲ್ಲಿ ಮತ್ತೆ ಒಂದು ಗೇಟೂ ತೆರೆಯುವುದಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ.

ಇದೇ ಊರಿನ ಲಂಗಾಟಾದಲ್ಲಿ ನನ್ನ ಪರಿಚಯದ ಒಬ್ಬರು ಮಂಗಳೂರಿನವರಿದ್ದರು. ಭಾನುವಾರ ಚರ್ಚು ಮುಗಿಸಿ ಬಂದರೆ ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ತೋಟಗಳಲ್ಲಿ ಅಲೆಯುವ ಹುಚ್ಚು. ಗುಂಡಿ, ಬಿಲ್ಲೆ, ಲಾಳ ಇಂಥವನ್ನು ಆರಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಅವರನ್ನು ಕರೆಸಿದೆ. ಮರುದಿನ ಬೆಳಿಗ್ಗೆಯೇ ಬಂದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಕಾಗದದ ಹೂವಿನ ಗಿಡದಿಂದ ಶುರು ಮಾಡಿದರು. ಸೋಡಾ ಬಾಟಲಿಯ ಮುಚ್ಚಳ ಸಿಕ್ಕಿತು, ಚಮಚ ಸಿಕ್ಕಿತು, ತುಕ್ಕು ಹಿಡಿದ ಬೀಗ ಸಿಕ್ಕಿತು. ಬಚ್ಚಲಿನ ಗೋಡೆಯ ಹೊರಗೆ ಬಂದಾಗ ಯಂತ್ರ ಒಂದೇ ಸಮನೆ ಕಿರುಚಿತು.

"ಇಲ್ಲಿ ಅಡಿಯಲ್ಲಿ ಬೀಡಿನ ಪೈಪುಂಟು ಮಾರಾಯ್ರೆ, ಅದಕ್ಕೇ ಬೊಬ್ಬೆ ಹೊಡೀತದೆ. ಇದ್ರಲ್ಲಿ ಬೆಳ್ಳಿ ಯಾವ್ದು, ಪೈಪು ಯಾವ್ದು ಅಂತ ಗೊತ್ತಾಗುದಿಲ್ಲ. ಆ ಮುಚ್ಚಳ ಒಂದು ತೆಗ್ದು ನೋಡುವ, ಅಲ್ವಾ?"

ಅಪ್ಪಾಜಿ ಒಳಗಿನಿಂದ ಬೆತ್ತದ ಕುರ್ಚಿ ತರಿಸಿದರು. ಅದನ್ನು ಚೇಂಬರಿನ ಮುಚ್ಚಳದ ಮೇಲೆಯೇ ಹಾಕಿಸಿ, ಕೋಲು ಊರಿ ಅದರ ಮೇಲೆ ಕೂತರು. ತುಟಿ ಒಣಗಿ ಬಿರುಕು ಬಿಟ್ಟಿತ್ತು. "ಬಚ್ಚಲೊಂದನ್ನ ಬಿಟ್ಟು ಎಲ್ಲಿ ಬೇಕಾದ್ರೂ ಅಗಿ" ಎಂದರು.

ಮಂಗಳೂರಿನವರು ನನ್ನ ಮುಖ ನೋಡಿದರು. ನಾನು ಮಗನ ಮುಖ ನೋಡಿದೆ. ಮಗ ಫೋನು ನೋಡುತ್ತಿದ್ದ. ಅವಳು ಬಟ್ಟೆ ಒಗೆಯುವ ಕಲ್ಲಿನ ಬಳಿ ಕೂತು ಆ ಕುರ್ಚಿಯ ಕಾಲುಗಳನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಕಳೆದ ಮೇಲೆ ನನ್ನ ಕೋಣೆಗಳ ಹಿಂದೆ ಯಂತ್ರ ಸ್ಪಷ್ಟವಾಗಿ, ಮೆಲ್ಲಗೆ ಕೂಗಿತು. ಒಂದು ಗೇಣು ಆಳದಲ್ಲಿ ಚಪ್ಪಟೆಯಾದ ಪುಟ್ಟ ಡಬ್ಬಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮೇಲ್ಗಡೆ ದಾರ ಪೋಣಿಸಲು ಎರಡು ಬಳೆ. ತಂದು ಅಪ್ಪಾಜಿಯ ಕೈಗಿಟ್ಟರು. ಅವರು ಆ ಬಳೆಗಳ ಮೇಲೆ ಬೆರಳಾಡಿಸಿದರು.

"ಕರಡಿಗೆ" ಎಂದರು. "ನಂದಲ್ಲ. ಆದ್ರೆ ಕರಡಿಗೆ."

ಮುಚ್ಚಳ ಮೀಟಿ ತೆಗೆದಾಗ ಒಳಗೆ ಬೂದು ಬಣ್ಣದ ಒಂದು ಚಿಟಿಕೆ ಪುಡಿ ಇತ್ತು. ವಿಭೂತಿ ಎಂದು ಅವರೇ ನಿರ್ಧರಿಸಿ ಹಣೆಗೆ ಹಚ್ಚಿಕೊಂಡರು. ನೋಡನೋಡುತ್ತಿದ್ದಂತೆ ಅವರ ಬಾಯಲ್ಲಿ ಒಂದು ಕತೆ ಹುಟ್ಟಿತು. ರೈಲು ಹಳಿ ಹಾಕಲು ಬ್ರಿಟಿಷರು ನಮ್ಮ ದೇಶದಿಂದ ಕೂಲಿಗಳನ್ನು ತಂದಿರಲಿಲ್ಲವೇ, ಅವರಲ್ಲಿ ಒಬ್ಬ ಶರಣ ಇದ್ದಿರಬೇಕು. ಯಾರಿಗೂ ತಿಳಿಯದ ಹಾಗೆ ಈ ಮಣ್ಣಿನಲ್ಲಿ ಲಿಂಗಪೂಜೆ ಮಾಡಿಕೊಂಡಿದ್ದಿರಬೇಕು. "ನಂದು ಹೋಯ್ತು. ನನಗಿಂತ ಮುಂಚೆ ಬಂದೋನ್ದು ಶಿವ ಕೊಟ್ಟ." ಎರಡು ದಿನದಿಂದ ನೀರು ಕಾಣದ ಮುದುಕನ ಕಣ್ಣಲ್ಲಿ ನೀರು ಬಂತು.

ಅದನ್ನು ತೊಳೆಯಲು ಅವಳ ಕೈಗೇ ಕೊಟ್ಟರು. ಹುಣಸೆಹಣ್ಣು ಹಚ್ಚಿ ಅವಳು ನಲ್ಲಿಯ ಬಳಿ ತಿಕ್ಕಿದಳು. ನಾನು ಮೊದಲು ಹೇಳಿದೆನಲ್ಲ, ಆ ವಾಸನೆ... ಅದು ಅವತ್ತಿನದು. ಹಳದಿ ಹೊಳಪು ಬಂತು. ಅಪ್ಪಾಜಿ ಅದಕ್ಕೆ ಹೊಸ ಶಿವದಾರ ಪೋಣಿಸಿ ಕೊರಳಿಗೆ ಹಾಕಿಕೊಂಡು, ಒಳಗೆ ಲಿಂಗವಿಲ್ಲದಿದ್ದರೂ ಅದನ್ನೇ ಅಂಗೈ ಮೇಲಿಟ್ಟು ಪೂಜೆ ಮಾಡಿ, ಸೊಸೆ ತಂದ ಗಂಜಿ ಕುಡಿದರು. ಅವಳನ್ನು ಕಳ್ಳಿ ಎನ್ನುವುದು ನಿಂತಿತು. ಕಳ್ಳಿಯಲ್ಲ ಎಂದು ಮಾತ್ರ ಯಾರೂ ಹೇಳಲಿಲ್ಲ. ಪಾತ್ರೆ ತೊಳೆಯಲು ಹೇಳಿದರು, ಅಷ್ಟೇ.

ಆ ಭಾನುವಾರ ಲ್ಯಾವಿಂಗ್ಟನ್ ಬಡಾವಣೆಯ ಒಬ್ಬರ ಮನೆಯಲ್ಲಿ ನಮ್ಮವರು ಸೇರಿ ವಚನ ಹಾಡುವುದಿತ್ತು. ಕರಡಿಗೆಯನ್ನು ಅಲ್ಲಿ ತೋರಿಸಿ, ಶರಣನ ಕತೆ ಹೇಳಬೇಕೆಂದು ಅಪ್ಪಾಜಿ ಸಿದ್ಧರಾದರು. ಎಲ್ಲರಿಗೂ ಫೋನ್ ಹೋಗಿತ್ತು. ಹಿಂದಿನ ದಿನ ನಾನು ವರಾಂಡಕ್ಕೆ ಹೋಗಿ, "ಒಂದ್ಸಲ ಕೊಡಿ ಅಪ್ಪಾಜಿ" ಎಂದು ಕೈ ಒಡ್ಡಿದೆ.

ಹಳೆ ಸಾಮಾನಿನ ಬಗ್ಗೆ ನನ್ನದೊಂದು ಕಿವಿಮಾತು. ಅದು ಏನಿರಬೇಕು ಎಂದು ನಿಮಗೆ ಆಸೆಯಿದೆಯೋ ಅದನ್ನು ಮೊದಲು ಮರೆತುಬಿಡಿ. ಆಮೇಲೆ ಕೇಳಿ, ಇದರೊಳಗೆ ಏನು ಹಿಡಿಯುತ್ತದೆ? ಲಿಂಗ ದುಂಡಗಿರುತ್ತದೆ, ಈ ಡಬ್ಬಿ ಚಪ್ಪಟೆ. ಇದರಲ್ಲಿ ಹಿಡಿಯುವುದು ಮಡಚಿದ ಕಾಗದ ಮಾತ್ರ. ಒಳಗಿದ್ದ ಬೂದು ಪುಡಿ ವಿಭೂತಿಯಲ್ಲ, ಕೊಳೆತ ಕಾಗದ. ಅಂಚಿನಲ್ಲಿ ಉಳಿಯಿಂದ ಹೊಡೆದ ಅಂಕಿಗಳಿದ್ದವು. ಬಿಳಿಯರ ಹಳೆಯ ಎಸ್ಟೇಟಿನ ಸಾಮಾನು ಕೊಂಡಾಗ ಇಂಥದ್ದು ನನ್ನ ಕೈಗೆ ಬಂದಿತ್ತು. ಏನೆಂದು ವಿಚಾರಿಸಿ ತಿಳಿದುಕೊಂಡೇ ಮಾರಿದ್ದೆ.

"ಇದು ಕಿಪಾಂಡೆ ಅಪ್ಪಾಜಿ. ಬಿಳಿಯರ ಕಾಲದಲ್ಲಿ ಇಲ್ಲಿನ ಕರಿಯ ಗಂಡಸರು ಕೊರಳಿಗೆ ಕಟ್ಟಿಕೊಂಡು ತಿರುಗಬೇಕಿತ್ತು. ಒಳಗೆ ಕಾಗದ. ಹೆಸರು, ಹೆಬ್ಬೆಟ್ಟು, ಯಾವ ಧಣಿಯ ಹತ್ತಿರ ಕೆಲಸ, ಬಿಡುಗಡೆ ಆಗಿದೆಯೋ ಇಲ್ಲವೋ. ಕೊರಳಲ್ಲಿ ಇಲ್ಲದೆ ಸಿಕ್ಕಿಬಿದ್ದರೆ ಜೈಲು."

ಅವರಿಗೆ ಅರ್ಥವಾದಷ್ಟು ಬೇಗ ಇದು ಯಾರಿಗೂ ಅರ್ಥವಾಗಿರಲಾರದು. "ಅಂದ್ರೆ ಪರ್ಮಿಟ್ಟು. ನಮ್ ಚೆಕ್‌ಪೋಸ್ಟಲ್ಲಿ ಲಾರಿಗೆ ಕೇಳ್ತಿದ್ವಲ್ಲ, ಹಂಗೆ."

"ಹಾಗೇ. ಮನುಷ್ಯರಿಗೆ."

ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮರುದಿನ ಅಷ್ಟು ಜನರ ನಡುವೆ ಯಾರಾದರೂ ಗುರುತಿಸಿ ನಕ್ಕಿದ್ದರೆ ಮುದುಕರ ಮರ್ಯಾದೆ ಹೋಗುತ್ತಿತ್ತು. ಅವರು ಸಿಟ್ಟಾಗುತ್ತಾರೆ, ನನ್ನನ್ನು ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕರು. ನಗು ನಿಂತ ಮೇಲೆ, "ಏ" ಎಂದು ಕೂಗಿದರು.

ಅವಳು ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಂದಳು. ಅಪ್ಪಾಜಿ ಕೊರಳಿನಿಂದ ಡಬ್ಬಿ ತೆಗೆದು, ಅದೇ ಹೊಸ ಶಿವದಾರದ ಸಮೇತ ಅವಳ ತಲೆಯ ಮೇಲಿಂದ ಕೊರಳಿಗೆ ಇಳಿಬಿಟ್ಟರು. ಎಷ್ಟು ನಿಧಾನವಾಗಿ, ಎಷ್ಟು ಅಚ್ಚುಕಟ್ಟಾಗಿ... ಹಾರ ಹಾಕುವವರ ಹಾಗೆ.

"ಇವ್ರ ತಾತಂದು ಇವಳಿಗೇ ಸೇರ್ಲಿ. ಗೇಟು ದಾಟೋವಾಗ ಯಾವ್ ಮನೆ ಮಾಲು ಅಂತ ಗೊತ್ತಾಗ್ಲಿ. ಹೇಳವ್ವಾ, ಅವಳ ಭಾಷೇಲಿ ಹೇಳು."

"ನಾನು ಹೇಳಲ್ಲ ಅಪ್ಪಾಜಿ."

ಹೇಳಬೇಕಾದ ಅಗತ್ಯವೂ ಇರಲಿಲ್ಲ. ಅವಳು ಬುಟ್ಟಿ ಕೆಳಗಿಟ್ಟಳು. ಡಬ್ಬಿ ಎತ್ತಿ ಹಿಡಿದು ಅಂಕಿಗಳ ಮೇಲೆ ಹೆಬ್ಬೆರಳು ಸವರಿದಳು. 'ಕಿಪಾಂಡೆ' ಎಂದು ತನಗೆ ತಾನೇ ಅಂದುಕೊಂಡಳು. ತೊಳೆದು ಹೊಳಪು ಬರಿಸಿದ್ದ ಕೈ ಅವಳದೇ. ಆಮೇಲೆ ಅದನ್ನು ಕೊರಳಿನಿಂದ ತೆಗೆದು, ದಾರವನ್ನು ಸುತ್ತಿ, ರವಿಕೆಯೊಳಗೆ ಇಟ್ಟುಕೊಂಡು, ತನ್ನ ಚೀಲ ಹೆಗಲಿಗೇರಿಸಿ, ಯಾರನ್ನೂ ನೋಡದೆ ಗೇಟಿನ ಕಡೆ ನಡೆದಳು.

"ನೋಡ್ರೋ, ಅದನ್ನೂ ಹೊತ್ಕಂಡೋದ್ಳು!" ಅಪ್ಪಾಜಿ ಕೋಲಿನಿಂದ ನೆಲ ಕುಟ್ಟುತ್ತಾ ಕೂಗಿದರು. "ಕಳ್ಳಿ ಅಂದಿದ್ನೋ ಇಲ್ವೋ? ಸಾಕ್ಷಿ ನೀನೇ ಕಣವ್ವಾ!"

ಮಗ ಫೋನು ತೆಗೆದು ಗುಂಪಿಗೆ ಫೋಟೋ ಹಾಕಿದ. ಸೊಸೆ ಬಾಗಿಲಿಗೆ ಬಂದು, "ಅಯ್ಯೋ, ಸಂಜೆ ಪಾತ್ರೆ ಯಾರು ತೊಳೀತಾರೆ?" ಎಂದಳು.

ನಾನು ಹಿಂದೆಯೇ ಓಡಿ ಗೇಟಿನ ಹೊರಗೆ ಅವಳನ್ನು ನಿಲ್ಲಿಸಿದೆ. ನನ್ನ ಬಳಿ ಕೆಲಸಕ್ಕೆ ಬಾ, ಸಾಮಾನು ತಿಕ್ಕುವ ಕೆಲಸ ಬೇಕಾದಷ್ಟಿದೆ ಎಂದೆ. ಅವಳು ಚೀಲವನ್ನು ಭುಜದ ಮೇಲೆ ಸರಿಮಾಡಿಕೊಂಡಳು.

"ಅಸಾಂಟೆ ಮಾಮಾ, ಉಪಕಾರವಾಯ್ತು, ಬೇಡ" ಎಂದಳು ಸ್ವಾಹಿಲಿಯಲ್ಲಿ. "ನೀವೂ ಅದೇ ಭಾಷೆ ಆಡ್ತೀರಿ."

ಅಪ್ಪಾಜಿ ಮತ್ತೆ ಉಪವಾಸ ಕೂರಲಿಲ್ಲ. ಒಮ್ಮೆ ಗಂಜಿ ಕುಡಿದಾಗಿತ್ತಲ್ಲ, ಹಟದ ಬಿಗಿ ಸಡಿಲಾಗಿತ್ತು. ಊರಿನಿಂದ ಬಂದವರೊಬ್ಬರು ಹೊಸ ಲಿಂಗ ತಂದರು, ಅಯ್ಯನವರು ಫೋನಿನಲ್ಲೇ ಮಂತ್ರ ಹೇಳಿದರು. ಲ್ಯಾವಿಂಗ್ಟನ್ನಿನ ಸಭೆಯಲ್ಲಿ ಅಪ್ಪಾಜಿ ಶರಣನ ಕತೆಯನ್ನು ಬಿಡದೆ ಹೇಳಿದರು, ಕರಡಿಗೆಯನ್ನು ಮಾತ್ರ ಕೆಲಸದವಳು ಕದ್ದಳು ಎಂದು ಸೇರಿಸಿ. ಜನ ಲೊಚಗುಟ್ಟಿದರು. ನಾನು ಎದ್ದುನಿಂತು ಹಾಗಲ್ಲ ಎಂದೆ. ಕೂತ್ಕೊಳ್ಳಿ, ಹಿರಿಯರು ಮಾತಾಡ್ತಿದ್ದಾರೆ ಎಂದರು.

ಆ ಮೇಲೆ ಬಚ್ಚಲಿನ ನೀರು ನಿಧಾನವಾಗಿ ಇಳಿಯುತ್ತಿದೆ ಎಂದು ಸೊಸೆ ಆಗಾಗ ಗೊಣಗುತ್ತಿದ್ದಳು. ಪೈಪಿಗೆ ಸುರಿಯುವ ಆಸಿಡ್ಡನ್ನು ನನ್ನಿಂದಲೇ ಕೊಳ್ಳುತ್ತಿದ್ದರು. ಅಪ್ಪಾಜಿ ಅದರಲ್ಲೂ ಚೌಕಾಸಿ ಮಾಡುತ್ತಿದ್ದರು. ಕೆಲವು ವರ್ಷದ ಮೇಲೆ ಊರಿಗೆ ಹೋಗಿ ಅಲ್ಲೇ ತೀರಿಕೊಂಡರು. ಕೂರಿಸಿ, ಅಂಗೈಗೆ ಆ ಹೊಸ ಲಿಂಗವನ್ನಿಟ್ಟು ಸಮಾಧಿ ಮಾಡಿದರಂತೆ.

ಕಳೆದ ವಾರ ನಲ್ಲಿಯ ಬಳಿ ಹುಣಸೆಹಣ್ಣಿನ ಕೈ ತೊಳೆದುಕೊಂಡು, ಒಳಗೆ ಹೋಗಿ ವಿಭೂತಿ ಗಟ್ಟಿ ತಂದೆ. ಪುಡಿ ಮಾಡಿ ಒದ್ದೆ ಬಟ್ಟೆಯಲ್ಲಿ ತಿಕ್ಕಿದೆ. ಹಿತ್ತಾಳೆಗೆ ಹುಣಸೆ, ಬೆಳ್ಳಿಗೆ ವಿಭೂತಿ. ಆಸಿಡ್ಡು ತಿಂದು ಮೈಯೆಲ್ಲ ಕುಳಿ ಬಿದ್ದಿತ್ತು, ಒಂದು ಬಳೆ ಕರಗಿ ಹೋಗಿತ್ತು. ಆದರೂ ಬಿಳುಪು ಬಂತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಟಕ್ ಎಂದಿತು.

ಮಗ ಈಗ ಬೇರೆ ದೇಶದಲ್ಲಿದ್ದಾನೆ. ಫೋನ್ ಮಾಡಿ ಹೇಳಿದೆ. "ಅಕ್ಕಾ, ಡ್ರೈನೇಜಲ್ಲಿತ್ತು ಅಂತ ಮಾತ್ರ ಯಾರಿಗೂ ಹೇಳ್ಬೇಡಿ ಪ್ಲೀಸ್. ಅಪ್ಪನ ಹೆಸರು ಹಾಳಾಗುತ್ತೆ" ಎಂದ. ಅವಳ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಅದಕ್ಕೇ ಎಲ್ಲರಿಗೂ ಹೇಳುತ್ತಿದ್ದೇನೆ.

ನಿನ್ನೆ ಕರಡಿಗೆಯನ್ನು ಚೀಲಕ್ಕೆ ಹಾಕಿಕೊಂಡು ಸ್ಪ್ರಿಂಗ್ ವ್ಯಾಲಿಗೆ ಹೋದೆ. ಬಂಗಲೆ ಇದ್ದಲ್ಲಿ ದೊಡ್ಡ ಹೊಂಡ, ಅದರಲ್ಲಿ ಕೆಂಪು ನೀರು. ಗೇಟು ಕಾಯುವ ಅಸ್ಕಾರಿ ಹೊಸಬ. ರಸ್ತೆಯ ತಿರುವಿನ ಮರದ ಕೆಳಗೆ ಈಗಲೂ ಹೆಂಗಸರು ಕೂಲಿ ಸಿಗಬಹುದೆಂದು ಬಟ್ಟೆ ಹಾಸಿ ಕೂತಿರುತ್ತಾರೆ. ಅವರ ಬಳಿ ಹೋಗಿ ಆ ಮನೆಯ ಗುರುತು ಹೇಳಿದೆ, ಅಲ್ಲಿ ಕೆಲಸಕ್ಕಿದ್ದ ಮಾಮಾ ಎಲ್ಲಿದ್ದಾಳೆ ಎಂದು ಕೇಳಿದೆ. ಅವರಲ್ಲಿ ವಯಸ್ಸಾದವಳು ತಲೆಯೆತ್ತಿದಳು.

"ಇಲ್ಲಿ ಎಲ್ಲರೂ ಮಾಮಾನೇ" ಎಂದಳು. "ಹೆಸರು ಹೇಳಿ."

ಆ ಕಿಪಾಂಡೆ ಡಬ್ಬಿಯೊಳಗೆ ಕೊಳೆತುಹೋದ ಕಾಗದದಲ್ಲಿ ಕೂಡ ಒಂದು ಹೆಸರು ಇತ್ತು... ಅವಳ ಹೆಸರನ್ನು ನಾನು ಯಾವತ್ತೂ ಕೇಳಿರಲಿಲ್ಲ. ಹೆಂಗಸರು ತಮ್ಮ ಮಾತಿಗೆ ಮರಳಿದರು.